ಲೈಟ್ ಬಿಲ್ಲಿನ ಲೆಡ್ಜರು

ನಮ್ಮ ಕುಂದಾಪುರದ ಕಡೆ ಅದಕ್ಕೆ ಕರೆಂಟ್ ಬಿಲ್ಲು ಅಂತಾರೆ. ಇಲ್ಲಿ ಮುಂಬಯಿ ಸೀಮೆಯಲ್ಲಿ ಲೈಟ್ ಬಿಲ್. ಮನೆಯಲ್ಲಿ ದೀಪ ತಿನ್ನುವ ಕರೆಂಟು ಬಹಳ ಕಡಿಮೆ, ಫ್ಯಾನು, ಫ್ರಿಜ್ಜು, ಗೀಸರುಗಳದ್ದೇ ಮುಕ್ಕಾಲು ಪಾಲು. ಆದರೂ ಹೆಸರು ಮಾತ್ರ ಲೈಟಿನದ್ದು. ಈ ಬಿಲ್ಲಿನ ಬೆನ್ನು ಹತ್ತಿ ನಾನು ಒಂದು ಸಣ್ಣ ಉಳಿತಾಯ ಮಾಡಿದೆ, ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಎರಡನ್ನೂ ಹೇಳಿಬಿಡುತ್ತೇನೆ.

ನಾವಿರುವುದು ಶಹಾಡಿನಲ್ಲಿ. ಊರಿನವರು ಈ ಹೆಸರು ಕೇಳಿರುವುದು ಕಡಿಮೆ. ಕಲ್ಯಾಣ ದಾಟಿ ಕಸಾರಾ ಕಡೆಗೆ ಹೋಗುವ ಲೋಕಲ್ ಗಾಡಿಗೆ ಸಿಗುವ ಮೊದಲ ಸ್ಟೇಷನ್. ವಿ.ಟಿ.ಯಿಂದ ಸುಮಾರು 55 ಕಿಲೋಮೀಟರು. ಸೆಂಚುರಿ ರೇಯಾನ್ ಕಾರ್ಖಾನೆ, ಬಿರ್ಲಾ ಮಂದಿರ, ಆಚೆಗೆ ಉಲ್ಲಾಸ ನದಿ - ಗುರುತು ಹೇಳುವುದಾದರೆ ಇಷ್ಟೇ. 1992ರಲ್ಲಿ ನಾನಿಲ್ಲಿ ಫ್ಲ್ಯಾಟು ಕೊಂಡದ್ದಕ್ಕೆ ಕಾರಣ ಒಂದೇ, ಡೊಂಬಿವಲಿಯೂ ಕಲ್ಯಾಣವೂ ನನ್ನ ಕೈಗೆ ಎಟುಕಲಿಲ್ಲ. ಬ್ಯಾಂಕಿನವನಿಗೆ ಹೌಸಿಂಗ್ ಲೋನ್ ಸಿಗುತ್ತದೆ ನಿಜ, ಆದರೆ ಅದನ್ನು ತೀರಿಸಬೇಕಾದವನೂ ಅವನೇ ಅಲ್ಲವೇ? ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಕಟ್ಟಕಡೆಯ ಮಾಳಿಗೆ. ಮೇಲೆ ಬರೀ ಟೆರೇಸು. ಮಳೆಗಾಲದಲ್ಲಿ ಸೋರುತ್ತದೆ, ಬೇಸಿಗೆಯಲ್ಲಿ ಕಾವಲಿಯ ಹಾಗೆ ಕಾಯುತ್ತದೆ. ಅದಕ್ಕೇ ಬೆಲೆ ಕಮ್ಮಿ ಇತ್ತು. ಆ ಕಮ್ಮಿ ಬೆಲೆಯ ಬಾಕಿಯನ್ನು ಮುಂದೆ ಮೂವತ್ತು ವರ್ಷ ಲೈಟ್ ಬಿಲ್ಲಿನಲ್ಲಿ ಕಟ್ಟಬೇಕಾಗುತ್ತದೆ ಎಂಬುದು ಎಂ.ಕಾಂ. ಓದಿದ ನನಗೆ ಆಗ ಹೊಳೆಯಲಿಲ್ಲ.

ಮಿತವ್ಯಯ ನನಗೆ ಹುಟ್ಟಿನಿಂದ ಬಂದದ್ದು. ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಅದಕ್ಕೆ ಮುಂಚೆ ಚಿಮಣಿ ದೀಪ. ಓದು ಮುಗಿದ ಕೂಡಲೇ ಅಪ್ಪಯ್ಯ ಬತ್ತಿ ಇಳಿಸುತ್ತಿದ್ದರು. ಸೀಮೆಎಣ್ಣೆ ರೇಷನ್ನಿನಲ್ಲಿ ಲೀಟರ್ ಲೆಕ್ಕದಲ್ಲಿ ಬರುತ್ತಿತ್ತು, ತಿಂಗಳಿಗೆ ಅದೇ ಆಗಬೇಕು. ಬಚ್ಚಲೊಲೆಗೆ ಮಾತ್ರ ಬಡತನವಿರಲಿಲ್ಲ. ಒಣ ಮಡಲು, ಕೊತ್ತಳಿಗೆ, ಗೆರಟೆ ಬೇಕಾದಷ್ಟು. ಹಂಡೆ ತುಂಬ ಬಿಸಿನೀರು, ದುಡ್ಡಿನ ಲೆಕ್ಕವೇ ಇಲ್ಲ. ಮುಂಬಯಿಗೆ ಬಂದಾಗ ತಿರುವುಮುರುವಾಯಿತು. ಬೆಳಕು ಸ್ವಿಚ್ಚಿನಲ್ಲಿ ಸಿಕ್ಕಿತು, ಸ್ನಾನದ ನೀರಿಗೆ ದುಡ್ಡು ಕೊಡಬೇಕಾಯಿತು.

ಆಮೇಲೆ ಲೋಡ್‌ಶೆಡ್ಡಿಂಗಿನ ಕಾಲ. 2005ರಿಂದ ಕೆಲವು ವರ್ಷ ಮಹಾರಾಷ್ಟ್ರದಲ್ಲಿ ವಿದ್ಯುತ್ತಿನ ದೊಡ್ಡ ಕೊರತೆ. ಮುಂಬಯಿ ಶಹರಕ್ಕೆ ಅದರ ಬಿಸಿ ತಟ್ಟಲಿಲ್ಲ. ಅಲ್ಲಿಯ ವಿದ್ಯುತ್ ವ್ಯವಸ್ಥೆಯೇ ಬೇರೆ. ಕಲ್ಯಾಣ, ಶಹಾಡ್, ಉಲ್ಲಾಸನಗರದವರಿಗೆ ದಿನಕ್ಕೆ ಇಷ್ಟು ತಾಸು ಕತ್ತಲೆ ಅಂತ ವೇಳಾಪಟ್ಟಿ. ನಾನು ಹಗಲೆಲ್ಲ ಫೋರ್ಟಿನ ಬ್ರಾಂಚಿನಲ್ಲಿ ಎ.ಸಿ.ಯ ಕೆಳಗೆ ಕುಳಿತು, ಮಧ್ಯಾಹ್ನವೂ ಉರಿಯುವ ಟ್ಯೂಬ್‌ಲೈಟಿನ ಬೆಳಕಲ್ಲಿ ವೋಚರಿಗೆ ಸಹಿ ಹಾಕುತ್ತಿದ್ದೆ. ಮನೆಗೆ ಬಂದರೆ ಮಗಳು ಮೋಂಬತ್ತಿ ಹಚ್ಚಿ ಹತ್ತನೇ ಕ್ಲಾಸಿನ ಗಣಿತ ಮಾಡುತ್ತಿದ್ದಳು. ಒಂದೇ ರೈಲ್ವೆ ಲೈನಿನ ಎರಡು ತುದಿ! ಅದೇ 2005ರ ಜುಲೈ 26ರ ಮಹಾಮಳೆಯಲ್ಲಿ ನಮ್ಮ ಕಟ್ಟಡದ ಕೆಳಗಿನ ಮೀಟರ್ ರೂಮಿಗೆ ನೀರು ನುಗ್ಗಿ ನಾಲ್ಕು ದಿನ ಕರೆಂಟಿರಲಿಲ್ಲ. ಆಗೆಲ್ಲ ‘ಕರೆಂಟು ಇದ್ದರೆ ಸಾಕು, ಬಿಲ್ಲು ಎಷ್ಟಾದರೂ ಕಟ್ಟೋಣ’ ಅನಿಸುತ್ತಿತ್ತು. ಕರೆಂಟು ಸರಿಯಾಗಿ ಬರತೊಡಗಿದ ಮೇಲೆ ಆ ಮಾತು ಮರೆತುಹೋಯಿತು, ಬಿಲ್ಲು ಮಾತ್ರ ಕಣ್ಣಿಗೆ ಬೀಳತೊಡಗಿತು.

2019ರಲ್ಲಿ ನಿವೃತ್ತನಾದೆ. ಮೂವತ್ತೇಳು ವರ್ಷ ಪರರ ಲೆಕ್ಕ ನೋಡಿದವನಿಗೆ ಮನೆಯಲ್ಲಿ ಕೂತು ಏನು ಮಾಡುವುದು? ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತಂದು ದಿನಾ ಬೆಳಿಗ್ಗೆ ಏಳು ಗಂಟೆಗೆ ಮೀಟರ್ ರೀಡಿಂಗ್ ಬರೆಯತೊಡಗಿದೆ. ಎಡಕ್ಕೆ ತಾರೀಖು, ನಡುವೆ ಯೂನಿಟ್ಟು, ಬಲಕ್ಕೆ ‘ಷರಾ’. ನಾಲ್ಕು ಮಾಳಿಗೆ ಇಳಿದು ಹತ್ತಿ ಬರುವುದರಿಂದ ವ್ಯಾಯಾಮವೂ ಆಗುತ್ತದೆ ಎಂದು ಹೆಂಡತಿಗೆ ಹೇಳಿದೆ. ಅವಳು ನಕ್ಕಳು.

ಲೆಡ್ಜರಿನಿಂದ ಪ್ರಯೋಜನ ಆಗಲಿಲ್ಲ ಅಂತಲ್ಲ. ಇಲ್ಲಿಯ ಗೃಹಬಳಕೆಯ ದರ ಮೆಟ್ಟಿಲು ಮೆಟ್ಟಿಲಾಗಿದೆ. ತಿಂಗಳಿಗೆ 100 ಯೂನಿಟ್ಟಿನವರೆಗೆ ಒಂದು ದರ, 101ರಿಂದ 300ರವರೆಗೆ ಇನ್ನೊಂದು, ಆಮೇಲೆ 500ರವರೆಗೆ, ಅದರ ಮೇಲೆ ಮತ್ತೊಂದು. ನೂರು ದಾಟಿತೋ, ದಾಟಿದ ಯೂನಿಟ್ಟುಗಳಿಗೆ ಹೆಚ್ಚುಕಡಿಮೆ ದುಪ್ಪಟ್ಟು. ಅದರ ಮೇಲೆ ಶೇಕಡಾ 16 ವಿದ್ಯುತ್ ಸುಂಕ. ಹಾಗಾಗಿ ನಮ್ಮಂಥ ಇಬ್ಬರ ಸಂಸಾರದಲ್ಲಿ ಆಟವೆಲ್ಲ ಆ ನೂರರ ಗೆರೆಯ ಸುತ್ತ. ಒಂದು ಯೂನಿಟ್ಟು ಅಂದರೆ ಸಾವಿರ ವಾಟಿನ ವಸ್ತು ಒಂದು ತಾಸು ಓಡಿದ ಲೆಕ್ಕ. ಎರಡು ಸಾವಿರ ವಾಟಿನ ಗೀಸರು ಅರ್ಧ ತಾಸಿಗೇ ಒಂದು ಯೂನಿಟ್ಟು ನುಂಗುತ್ತದೆ. ಹದಿನೈದು ಲೀಟರು ನೀರು ಕಾಯಲು ಹದಿನೆಂಟು ಇಪ್ಪತ್ತು ನಿಮಿಷ ಸಾಕು, ಆದರೆ ನಾವು ಹಾಲು ತರಲು ಹೋಗುವಾಗ ಹಾಕಿ, ಪೇಪರು ಓದಿ ಮುಗಿದ ಮೇಲೆ ಆರಿಸುತ್ತಿದ್ದೆವು. ರಿಮೋಟಿನಲ್ಲಿ ಟಿ.ವಿ. ಆರಿಸಿದರೂ ಸೆಟ್‌ಟಾಪ್ ಬಾಕ್ಸಿನ ಕೆಂಪು ದೀಪ ರಾತ್ರಿಯಿಡೀ ಉರಿಯುತ್ತದೆ. ಹತ್ತು ವಾಟು ಎಂದರೂ ಇಪ್ಪತ್ತು ತಾಸಿಗೆ ತಿಂಗಳಿಗೆ ಆರು ಯೂನಿಟ್ಟು. ದೀಪಗಳನ್ನು 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆಯೇ ಎಲ್‌.ಇ.ಡಿ.ಗೆ ಬದಲಿಸಿದ್ದೆವು. 60 ವಾಟಿನ ಬಲ್ಬು ಇದ್ದಲ್ಲಿ 9 ವಾಟು. ಹೀಗೆ ಹಿಡಿದು, ಬಿಟ್ಟು, 130ರ ಆಸುಪಾಸಿನಲ್ಲಿದ್ದದ್ದನ್ನು 96ಕ್ಕೆ ತಂದೆ. ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಚಾ ಕುಡಿಯುತ್ತ ನಾಲ್ಕು ಜನಕ್ಕೆ ಈ ಸಾಧನೆಯನ್ನು ಹೇಳಿದ್ದೂ ಉಂಟು.

ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನು ‘ಅನಾವಶ್ಯಕ’ ಎಂದು ನಾನು ಷರಾ ಬರೆದಿದ್ದೆ. ಒಂದು ದಿನ ಒಗ್ಗರಣೆಯ ಸೌಟು ಕೈಯಲ್ಲಿ ಹಿಡಿದುಕೊಂಡೇ ಬಂದಳು. "ಹ್ವಾಯ್, ನಿಮ್ಮ ಲೆಡ್ಜರಿಗೆ ಅಡುಗೆಮನೆ ಸೆಕೆ ಗೊತ್ತಾತ್ತಾ?" ಅಂದಳು. ನಾನು ನಗೆಯಾಡಿ ತಪ್ಪಿಸಿಕೊಂಡೆ. ಅವತ್ತೇ ಆ ಮಾತು ಕಿವಿಗೆ ಬಿದ್ದಿದ್ದರೆ ಮುಂದಿನದ್ದು ಆಗುತ್ತಿರಲಿಲ್ಲವೇನೋ.

2022ರ ನವೆಂಬರಿನಲ್ಲಿ ಅಮ್ಮ ಬಂದಳು. ಊರಲ್ಲಿ ಅಣ್ಣ ಮನೆ ರಿಪೇರಿಗೆ ಹಿಡಿದಿದ್ದ. ಹೆಂಚು ತೆಗೆದ ಮನೆಯಲ್ಲಿ ಎಂಬತ್ತುಮೂರರ ಮುದುಕಿ ಹೇಗೆ ಇರುವುದು ಎಂದು ನಾನೇ ಹೋಗಿ ಕೊಂಕಣ ರೈಲಿನಲ್ಲಿ ಕರೆತಂದೆ. ನಾಲ್ಕು ಮಾಳಿಗೆ ಹತ್ತುವಾಗ ಪ್ರತಿ ಮಾಳಿಗೆಯಲ್ಲೂ ಕೂತು, "ಇನ್ನೆಷ್ಟ್ ಮಾಳಿಗಿ ಇತ್ ಮಗ?" ಎಂದು ಕೇಳಿದಳು. ಹತ್ತಿದ ಮೇಲೆ ಇಳಿಯುವ ಯೋಚನೆಯನ್ನೇ ಬಿಟ್ಟಳು. ದಿನವಿಡೀ ಒಳಗಿನ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಊರಿಂದ ತಂದ ಚಾಪೆಯ ಮೇಲೆ.

ಚಳಿಗಾಲ ಕಳೆದು ಮಾರ್ಚ್ ಬಂತು. ಬಿಲ್ಲು 141 ಯೂನಿಟ್ಟಿಗೆ ಹೋಯಿತು, ಸುಮಾರು ನಾಲ್ಕುನೂರೈವತ್ತು ರೂಪಾಯಿ ಹೆಚ್ಚು. ಆಡಿಟರನ ಬುದ್ಧಿ ಸುಮ್ಮನಿರುತ್ತದೆಯೇ? ಲೆಕ್ಕ ಹಾಕಿದೆ. ಹಳೆಯ ಫ್ಯಾನು 75 ವಾಟು, ದಿನಕ್ಕೆ ಇಪ್ಪತ್ತು ತಾಸು, ಒಂದೂವರೆ ಯೂನಿಟ್ಟು. ತಿಂಗಳಿಗೆ 45. ಸರಿಯಾಗಿ ತಾಳೆಯಾಯಿತು! ತಾಳೆಯಾದ ಖುಷಿಯಲ್ಲಿ ಷರಾ ಕಾಲಮ್ಮಿನಲ್ಲಿ ಕೆಂಪು ಶಾಯಿಯಿಂದ ಬರೆದೆ: ‘ಅಮ್ಮ - 45’. ‘ಒಳಕೋಣೆಯ ಫ್ಯಾನು’ ಅಂತ ಬರೆಯಬಹುದಿತ್ತು. ಅಮ್ಮ ಅಂತ ಬರೆದೆ. ಚಿಕ್ಕದಾಗುತ್ತದಲ್ಲ ಎಂದು.

ಅಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಕೈಗೆ ಸಿಕ್ಕ ಕನ್ನಡವನ್ನೆಲ್ಲ ಓದುತ್ತಾಳೆ, ಬೇಳೆ ಕಟ್ಟಿ ತಂದ ಪೇಪರನ್ನೂ ಬಿಡುವುದಿಲ್ಲ. ಆ ಪುಸ್ತಕ ಫ್ರಿಜ್ಜಿನ ಮೇಲೆ ತೆರೆದೇ ಇರುತ್ತಿತ್ತು.

ಏಪ್ರಿಲ್ ಮೊದಲ ವಾರ ಮಗಳ ಬಾಣಂತನಕ್ಕೆಂದು ಹೆಂಡತಿ ಪುಣೆಗೆ ಹೋದಳು. ಮನೆಯಲ್ಲಿ ನಾನು, ಅಮ್ಮ. ಅಮ್ಮನ ಕೋಣೆಯ ಫ್ಯಾನು ನಿಂತಿರುವುದು ಒಂದೆರಡು ಸಲ ಕಂಡಿತು. ಕೇಳಿದರೆ, "ನಂಗ್ ಸೆಕೆಯೇ ಆತಿಲ್ಲೆ ಮಗ, ಗಾಳಿಗೆ ಮೈಕೈ ನೋವ್" ಎಂದಳು. ನಾನು ನಂಬಿದೆ. ನಂಬಿದೆ ಅನ್ನುವುದಕ್ಕಿಂತ, ನಂಬುವುದು ನನಗೆ ಲಾಭದ್ದಾಗಿತ್ತು. ಆ ವಾರ ದಿನದ ರೀಡಿಂಗ್ ಇಳಿದಿತ್ತು. ಇಳಿದದ್ದಕ್ಕೆ ನಾನು ಕಾರಣ ಹುಡುಕಲಿಲ್ಲ. ಏರಿದಾಗ ಮಾತ್ರ ಹುಡುಕುವುದು ನನ್ನ ರೂಢಿ.

ಅದೇ ಏಪ್ರಿಲ್ 16ರ ಭಾನುವಾರ ನವಿ ಮುಂಬಯಿಯ ಖಾರ್ಘರಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭ ನಡೆಯಿತು. ಬಯಲಿನ ಬಿಸಿಲಲ್ಲಿ ತಾಸುಗಟ್ಟಲೆ ಕುಳಿತ ಜನರಲ್ಲಿ 14 ಮಂದಿ ಸತ್ತುಹೋದರು. ಟಿ.ವಿ.ಯಲ್ಲಿ ಅದನ್ನು ನೋಡಿ ನಾನು ಅಮ್ಮನಿಗೆ, "ನೋಡು, ಬಿಸಿಲಿಗೆ ಹೊರಗೆ ಹೋದರೆ ಹೀಗೆ" ಎಂದಿದ್ದೆ. ಮನೆಯ ಒಳಗೂ ಹಾಗಾಗಬಹುದು ಎಂದು ಯಾರಿಗೆ ಗೊತ್ತು?

ಬುಧವಾರ ಪೆನ್ಶನ್ ಕೆಲಸಕ್ಕೆ ಕಲ್ಯಾಣಕ್ಕೆ ಹೋಗಿ ಮೂರು ಗಂಟೆಗೆ ಬಂದೆ. ಬಾಗಿಲು ನಾನೇ ತೆಗೆದು ಒಳಗೆ ಬಂದರೆ, ಅಮ್ಮ ಚಾಪೆಯಿಂದ ಸರಿದು ಬರೀ ನೆಲದ ಮೇಲೆ ಮಲಗಿದ್ದಾಳೆ. ಕರೆದರೆ ಕಣ್ಣು ತೆರೆದಳು, ಗುರುತು ಹತ್ತಲಿಲ್ಲ. ನನ್ನನ್ನು ಅಪ್ಪಯ್ಯ ಎಂದುಕೊಂಡು ಏನೋ ಹೇಳಿದಳು. ಮೈ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಮೇಲೆ ಫ್ಯಾನು ನಿಂತಿತ್ತು. ಪಕ್ಕದ ಮನೆಯ ಮರಾಠಿ ಹುಡುಗ ಮತ್ತು ನಾನು ಒದ್ದೆ ಬಟ್ಟೆ ಹೊದೆಸಿ, ಕುರ್ಚಿಯಲ್ಲಿ ಕೂರಿಸಿಕೊಂಡು ನಾಲ್ಕು ಮಾಳಿಗೆ ಇಳಿಸಿದೆವು. ರಿಕ್ಷಾದಲ್ಲಿ ಆಸ್ಪತ್ರೆ. ಮೂರು ದಿನ ಸಲೈನು.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಬೆವರೂ ಕಮ್ಮಿ. ಬೆವರು ಆರಿದರೆ ಮೈ ತಣಿಯುತ್ತದೆ, ಆರಲು ಗಾಳಿ ಬೇಕು. ಬಿಸಿಲಲ್ಲಿ ಕಾದ ಸ್ಲ್ಯಾಬು ರಾತ್ರಿಯವರೆಗೂ ಕೆಳಗೆ ಶಾಖ ಬಿಡುತ್ತಲೇ ಇರುತ್ತದೆ. "ಫ್ಯಾನ್ ಬಂದ್ ಕಾ ಹೋತಾ?" ಎಂದು ಮರಾಠಿಯಲ್ಲಿ ಕೇಳಿದರು, ಫ್ಯಾನು ಯಾಕೆ ಬಂದಾಗಿತ್ತು ಎಂದು. ನನ್ನಲ್ಲಿ ಉತ್ತರ ಇರಲಿಲ್ಲ.

ಎರಡನೇ ದಿನ ಅಮ್ಮ ಸರಿಯಾಗಿ ಮಾತಾಡಿದಳು. ನಾನು ಅದನ್ನೇ ಕೇಳಿದೆ. ಮೊದಲು ಮೈಕೈ ನೋವಿನ ಮಾತನ್ನೇ ಹೇಳಿದಳು. ಮತ್ತೆ ಕೇಳಿದಾಗ ಆಚೆ ತಿರುಗಿಕೊಂಡು ಹೇಳಿದಳು:

"ನಿನ್ ಪುಸ್ತಕದಗೆ ನನ್ ಹೆಸ್ರ್ ಬರ್ದಿದ್ಯಲೆ ಮಗ."

ಕೋಪವಿರಲಿಲ್ಲ, ದೂರೂ ಅಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೇ. ಮೂವತ್ತೇಳು ವರ್ಷದ ಸರ್ವೀಸಿನಲ್ಲಿ ಇನ್‌ಸ್ಪೆಕ್ಷನ್ನಿನವರ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ಹಾಗೆ ತಲೆ ಎತ್ತಲಾಗದೆ ನಿಂತದ್ದು ಅದೊಂದೇ ಸಲ. ಆಸ್ಪತ್ರೆಯ ಬಿಲ್ಲು ಹನ್ನೊಂದು ಸಾವಿರ ಚಿಲ್ಲರೆಯಾಯಿತು. ನಾನು ಉಳಿಸಹೊರಟದ್ದು ನಾಲ್ಕುನೂರೈವತ್ತು. ಈ ಲೆಕ್ಕ ಯಾರಿಗೂ ಅರ್ಥವಾಗುತ್ತದೆ. ಆದರೆ ಆಸ್ಪತ್ರೆಗೆ ಒಂದು ಪೈಸೆ ಖರ್ಚಾಗದಿದ್ದರೂ ನನ್ನ ಲೆಕ್ಕ ತಪ್ಪೇ ಆಗಿತ್ತು. ಅದು ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು.

ಹೆಂಡತಿ ಪುಣೆಯಿಂದ ಓಡಿಬಂದಳು. ಬೈಯಲಿಲ್ಲ. ಫ್ರಿಜ್ಜಿನ ಮೇಲಿನ ಪುಸ್ತಕ ತೆರೆದು ಆ ಪುಟ ನೋಡಿ, ಮುಚ್ಚಿ, ನನ್ನ ಕೈಗೆ ಕೊಟ್ಟಳು.

ಅಮ್ಮ ಮನೆಗೆ ಬರುವ ಮುಂಚೆ ಅವಳ ಕೋಣೆಗೆ ಹೊಸ ಫ್ಯಾನು ಹಾಕಿಸಿದೆ. ಈಗ ಬಿ.ಎಲ್.ಡಿ.ಸಿ. ಎಂಬ ಮೋಟರಿನ ಫ್ಯಾನುಗಳು ಬಂದಿವೆ. ಅಷ್ಟೇ ಗಾಳಿ, ಎಳೆಯುವುದು 30 ವಾಟಿನ ಆಸುಪಾಸು. ಬೆಲೆ ಮೂರು ಸಾವಿರ. ನನಗೆ ಅದರ ವಿಷಯ ಮೊದಲೇ ಗೊತ್ತಿತ್ತು. ಇರುವ ಫ್ಯಾನು ತಿರುಗುತ್ತಿರುವಾಗ ಮೂರು ಸಾವಿರ ಯಾಕೆ ಎಂದು ಬಿಟ್ಟಿದ್ದೆ. ಈಗ ಹಾಲು, ಬೆಡ್‌ರೂಮು ಸೇರಿ ಮೂರನ್ನೂ ಬದಲಿಸಿದೆ. ಇಪ್ಪತ್ತು ತಾಸು ತಿರುಗುವ ಅಮ್ಮನ ಫ್ಯಾನು 45ರ ಬದಲು ತಿಂಗಳಿಗೆ 18 ಯೂನಿಟ್ಟು. ದಿನಕ್ಕೆ ಹನ್ನೆರಡು ತಾಸಿನ ನಮ್ಮ ಎರಡು ಫ್ಯಾನು ತಲಾ 27ರಿಂದ 11ಕ್ಕೆ ಇಳಿದವು. ಮೇ ತಿಂಗಳ ರೀಡಿಂಗ್ ಬಂದಾಗ ನಾನು ಎರಡು ಸಲ ಕೂಡಿಸಿ ನೋಡಿದೆ: 84. ಅಮ್ಮ ಬರುವ ಮುಂಚೆ ನಾನು ಹೆಮ್ಮೆಪಟ್ಟಿದ್ದ 96ಕ್ಕಿಂತಲೂ ಕಮ್ಮಿ. ಫ್ಯಾನು ಹಗಲೂ ರಾತ್ರಿ ತಿರುಗಿಯೂ ಕಮ್ಮಿ! ಒಂಬತ್ತು ಸಾವಿರ ರೂಪಾಯಿ ಒಂದು ವರ್ಷ ಮುಂಚೆ ಬಿಚ್ಚಿದ್ದರೆ ಆ ಕೆಂಪು ಶಾಯಿಯೇ ಬೇಕಿರಲಿಲ್ಲ. ಗ್ರಾಹಕರಿಗೆ ‘ಬಂಡವಾಳ ವೆಚ್ಚ ಬೇರೆ, ಚಾಲ್ತಿ ವೆಚ್ಚ ಬೇರೆ’ ಎಂದು ಪಾಠ ಹೇಳುತ್ತಿದ್ದವನು ನಾನೇ.

ಟೆರೇಸಿಗೆ ಬಿಳಿ ಬಣ್ಣ ಬಳಿಸಲು ಸೊಸೈಟಿಯ ಒಪ್ಪಿಗೆ ಕೇಳಿದೆ. ಕಪ್ಪಾದ ಟೆರೇಸು ಬಿಸಿಲನ್ನು ಕುಡಿಯುತ್ತದೆ, ಬಿಳಿಯದು ವಾಪಸು ಕಳಿಸುತ್ತದೆ. 2023ರಲ್ಲಿ ತೆಲಂಗಾಣ ಸರ್ಕಾರ ಇಂಥ ತಂಪು ಛಾವಣಿಗಳಿಗಾಗಿ ಒಂದು ನೀತಿಯನ್ನೇ ತಂದಿದೆ. ಮೀಟಿಂಗಿನಲ್ಲಿ, "ನಿಮ್ಮ ತಲೆ ತಂಪಾದರೆ ಸಾಕು, ನಮಗೇನು?" ಎಂದು ನೆಲಮಾಳಿಗೆಯವರು ತಮಾಷೆ ಮಾಡಿದರು, ಒಪ್ಪಿಗೆಯನ್ನೂ ಕೊಟ್ಟರು. ನಮ್ಮ ಖರ್ಚಿನಲ್ಲೇ ಬಳಿಸಿದೆವು. ಮಧ್ಯಾಹ್ನ ಮೂರು ಗಂಟೆಗೆ ಗೋಡೆಯ ಥರ್ಮಾಮೀಟರು ಎರಡು ಮೂರು ಡಿಗ್ರಿ ಕೆಳಗೇ ಇರುತ್ತದೆ. ಪಂಪಿಗೆ, ಮೆಟ್ಟಿಲ ದೀಪಕ್ಕೆ ಸೋಲಾರ್ ಹಾಕಿಸುವ ಮಾತೂ ನಡೆದಿದೆ. 2024ರ ಸೂರ್ಯಘರ್ ಯೋಜನೆಯಲ್ಲಿ ಸೊಸೈಟಿಯ ಸಾಮಾನ್ಯ ಬಳಕೆಗೆ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನ ಉಂಟು. ಎರಡು ಮೀಟಿಂಗ್ ಆಗಿದೆ, ಚಾ ಬಿಸ್ಕಿಟ್ ಖರ್ಚಾಗಿದೆ, ಸೋಲಾರ್ ಇನ್ನೂ ಬಂದಿಲ್ಲ.

ಚೇತರಿಸಿಕೊಂಡ ಅಮ್ಮ ಸುಮ್ಮನೆ ಕೂರಲಿಲ್ಲ. ಮಗನಿಗೆ ಉಳಿಸುವ ಹುಚ್ಚು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತು. "ಉಳಿಸುದಾರೆ ಒಲಿ ಬುಡದಗೆ ಉಳ್ಸ್" ಎಂದಳು. ನಾವು ಉಣ್ಣುವುದು ಕುಚ್ಚಲಕ್ಕಿ. ಬೇಯಲು ಮುಕ್ಕಾಲು ತಾಸು ಗ್ಯಾಸ್ ಬೇಕು. ಅಮ್ಮ ಅಕ್ಕಿಯನ್ನು ಮೊದಲೇ ನೆನೆಹಾಕಿಸಿ, ಹದಿನೈದು ನಿಮಿಷ ಕುದಿಸಿ, ಮುಚ್ಚಳ ಹಾಕಿ ಗ್ಯಾಸ್ ಆರಿಸಿದಳು. ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬುಟ್ಟಿಯೊಳಗೆ ಇಡಿಸಿದಳು. ಒಂದೂವರೆ ತಾಸು ಬಿಟ್ಟು ತೆಗೆದರೆ ಅನ್ನ ಹೂವಿನ ಹಾಗೆ. ನೀರು ಎಷ್ಟು ಕೊತಕೊತ ಅಂದರೂ ನೂರು ಡಿಗ್ರಿ ದಾಟುವುದಿಲ್ಲ. ಅಕ್ಕಿಗೆ ಬೇಕಾದದ್ದು ಶಾಖ ನಿಲ್ಲುವುದು, ಗುಳ್ಳೆ ಏಳುವುದಲ್ಲ. ನಮ್ಮ ಸಿಲಿಂಡರು ಮೂವತ್ತೆಂಟು ದಿನ ಬರುತ್ತಿದ್ದದ್ದು ಈಗ ಐವತ್ತು ದಿನ ಬರುತ್ತದೆ. ಅಡುಗೆಮನೆಯ ಸೆಕೆಯೂ ಇಳಿಯಿತು. ಎಗ್ಸಾಸ್ಟ್ ಫ್ಯಾನು ಧಾರಾಳವಾಗಿ ತಿರುಗುತ್ತದೆ. ನನ್ನ ಲೆಡ್ಜರು ನಾಲ್ಕು ವರ್ಷದಲ್ಲಿ ಹುಡುಕದ ಉಳಿತಾಯವನ್ನು ಅಮ್ಮ ಒಂದು ಕಂಬಳಿಯಲ್ಲಿ ಹುಡುಕಿದಳು, ಯಾರ ಮೈಗೂ ಬಿಸಿ ತಾಗದ ಹಾಗೆ.

ಜೂನಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಮನೆ ರಿಪೇರಿ ಮುಗಿದು ಅಮ್ಮ ಊರಿಗೆ ಹೋದಳು. ಆ ವರ್ಷವೇ ಕರ್ನಾಟಕದಲ್ಲಿ ಗೃಹಜ್ಯೋತಿ ಬಂದದ್ದು ನಿಮಗೆ ಗೊತ್ತಲ್ಲ. ಆಗಸ್ಟಿನಲ್ಲಿ ಫೋನು ಬಂತು. ದನಿಯಲ್ಲಿ ಏನು ಖುಷಿ!

"ಇಲ್ಲ್ ಕರೆಂಟ್ ಫ್ರೀ ಅಂಬ್ರ್ ಮಗ. ಈಗ ರಾತ್ರಿಯಿಡೀ ಫ್ಯಾನ್ ಹಾಯ್ಕಂಡೇ ಮನಿಕಂತೆ."

ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇಕಡಾ ಹತ್ತು, ಇನ್ನೂರು ಯೂನಿಟ್ಟಿನ ಮಿತಿ ಎಂದು ವಿವರಿಸಲು ಬಾಯಿ ತೆರೆದೆ. ಹೆಂಡತಿ ಎದುರಿಗೆ ನಿಂತಿದ್ದಳು. ಬಾಯಿ ಮುಚ್ಚಿಕೊಂಡೆ. "ಹಾಕ್ಕೊಳ್ಳಮ್ಮಾ" ಅಂದೆ. ಫೋನು ಇಟ್ಟ ಮೇಲೆ ಮನಸ್ಸು ಹಿಂಡಿತು. ಸರ್ಕಾರದ ಮನೆಯ ಗಾಳಿಯನ್ನು ಅವಳು ಸಂಕೋಚವಿಲ್ಲದೆ ತೆಗೆದುಕೊಂಡಳು. ಮಗನ ಮನೆಯ ಗಾಳಿಗೆ ಅವಳು ಲೆಕ್ಕ ಕೊಡಬೇಕಾಗಿತ್ತು.

ಆಮೇಲೂ ಅಮ್ಮ ಬಂದಿದ್ದಾಳೆ. 2024ರ ಏಪ್ರಿಲಿನಲ್ಲಿ ಬಂದಾಗ ಅವಳ ಕೋಣೆಗೆ ಒಂದು ಟನ್ನಿನ, ಐದು ನಕ್ಷತ್ರದ ಎ.ಸಿ. ಹಾಕಿಸಿದೆ. 26 ಡಿಗ್ರಿಗೆ ಇಟ್ಟು, ಜೊತೆಗೆ ಫ್ಯಾನು ಮೆಲ್ಲಗೆ ತಿರುಗಿಸಿದರೆ ಮಧ್ಯಾಹ್ನದ ನಾಲ್ಕು ತಾಸಿಗೆ ಎರಡೂವರೆ ಯೂನಿಟ್ಟು. ಆ ತಿಂಗಳು ಬಿಲ್ಲು ನೂರರ ಗೆರೆ ದಾಟಿತು. ದಾಟಲಿ.

ಲೆಡ್ಜರು ಈಗಲೂ ಉಂಟು, ಏಳು ಗಂಟೆಗೆ ಮೆಟ್ಟಿಲು ಇಳಿಯುವುದೂ ಉಂಟು. ಷರಾ ಕಾಲಮ್ಮಿನಲ್ಲಿ ಗೀಸರು, ಫ್ರಿಜ್ಜು, ಪಂಪು ಎಂದು ವಸ್ತುಗಳ ಹೆಸರೇ ಇರುತ್ತವೆ, ಮನುಷ್ಯರ ಹೆಸರಿಲ್ಲ. ಹಳೆಯ ಆ ಪುಟವನ್ನು ಹರಿಯಲಿಲ್ಲ. ಬ್ಯಾಂಕಿನಲ್ಲಿ ಲೆಡ್ಜರಿನ ಪುಟ ಹರಿಯುವ ಕ್ರಮವಿಲ್ಲ, ತಪ್ಪಿದ್ದರೆ ಅಡ್ಡಗೀಟು ಹಾಕಿ ಪಕ್ಕದಲ್ಲಿ ಸಹಿ ಮಾಡಬೇಕು. ಹಾಗೇ ಮಾಡಿದ್ದೇನೆ.

ಅಮ್ಮನಿಗೆ ಮಾತ್ರ ಇನ್ನೂ ಪೂರ್ತಿ ನಂಬಿಕೆ ಬಂದ ಹಾಗಿಲ್ಲ. ಇಲ್ಲಿದ್ದಾಗ ರಾತ್ರಿ ನಾನೊಮ್ಮೆ ಎದ್ದು ಅವಳ ಕೋಣೆಯ ಬಾಗಿಲಲ್ಲಿ ನಿಲ್ಲುತ್ತೇನೆ. ಫ್ಯಾನಿನ ಸದ್ದು ಕೇಳಿದ ಮೇಲೆಯೇ ಹೋಗಿ ಮಲಗುವುದು.